ಹೆಸರು ಮಾತ್ರ ಸೇರಿಸುವುದು ಕಾಗದದಲ್ಲೇ ಜಾಸ್ತಿ

ಆನ್‌ಲೈನ್‌ನಲ್ಲಿ ಗುಂಪು ಕೆಲಸ ಕೊಟ್ಟರೆ ಒಬ್ಬರು ಬರೆಯುತ್ತಾರೆ, ಉಳಿದವರು ಹೆಸರು ಸೇರಿಸಿ ಸುಮ್ಮನಾಗುತ್ತಾರೆ ಎಂದು ಆನ್‌ಲೈನ್ ಕಲಿಕೆಯ ಬಗೆಗಿನ ಲೇಖನವೊಂದರಲ್ಲಿ ಲೇಖಕರು ಬರೆದಿದ್ದಾರೆ. ನಾನು ಒಪ್ಪುವುದಿಲ್ಲ. ಅದು ಕಾಗದದ ಅಸೈನ್‌ಮೆಂಟಿನಲ್ಲಿ ನಡೆಯುವ ಕಥೆ. ಹಲವರು ಒಂದೇ ಫೈಲಿನಲ್ಲಿ ಬರೆಯಬಹುದಾದ ಗೂಗಲ್ ಡಾಕ್ಸ್‌ನಲ್ಲಿ ವರ್ಷನ್ ಹಿಸ್ಟರಿ, ಅಂದರೆ ಬದಲಾವಣೆಗಳ ದಾಖಲೆ, ತೆರೆದರೆ ಯಾರು, ಯಾವತ್ತು, ಯಾವ ಸಾಲು ಬರೆದರು ಎಂದು ಬೇರೆ ಬೇರೆ ಬಣ್ಣದಲ್ಲಿ ಕಾಣುತ್ತದೆ. ಕೂತು ನೋಡುವ ತಾಳ್ಮೆ ಮೇಷ್ಟ್ರಿಗೆ ಬೇಕು, ಅಷ್ಟೇ.

ನಾನು ಚಿಕ್ಕಮಗಳೂರಿನಲ್ಲಿ ಡಿಗ್ರಿ ಮಕ್ಕಳಿಗೆ ಇತಿಹಾಸ ಕಲಿಸುತ್ತೇನೆ. ಬೆಳವಾಡಿಯ ವೀರನಾರಾಯಣ ದೇವಸ್ಥಾನದ ಬಗ್ಗೆ ಆರು ಜನಕ್ಕೆ ಒಂದೇ ಡಾಕ್ಯುಮೆಂಟ್ ಕೊಟ್ಟಿದ್ದೆ. ಬೇಲೂರು, ಹಳೇಬೀಡು 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿ ಸೇರಿದ ಮೇಲೆ ಅವುಗಳ ಬಗ್ಗೆ ನೆಟ್‌ನಿಂದ ಎತ್ತಿ ಹಾಕಲು ಬೇಕಾದಷ್ಟು ಸಿಗುತ್ತದೆ. ಬೆಳವಾಡಿಗೆ ಹೋಗಿಯೇ ನೋಡಬೇಕು. ತರಗತಿಯಲ್ಲಿ ಬಾಯೇ ಬಿಡದ ಹುಡುಗಿಯೊಬ್ಬಳು ಗೆಳೆಯನ ಸಾಲಿನ ಪಕ್ಕ, ‘ಗರ್ಭಗುಡಿ ಒಂದಲ್ಲ, ಮೂರು. ವೇಣುಗೋಪಾಲ, ಯೋಗಾನರಸಿಂಹ ಬಿಟ್ಟುಹೋಗಿದೆ’ ಎಂದು ಕಾಮೆಂಟ್ ಹಾಕಿದಳು. ಆ ಒಂದು ಸಾಲಿನ ಕೆಳಗೆ ನಾಲ್ಕು ದಿನ ಚರ್ಚೆ ನಡೆಯಿತು. ನನ್ನ ಕ್ಲಾಸಿನಲ್ಲಿ ಅಷ್ಟು ಮಾತು ನಾನು ಕೇಳಿದ್ದೇ ಇಲ್ಲ!

ನಿಜವಾದ ತೊಂದರೆ ನೆಟ್‌ವರ್ಕ್. ಅದರ ಬಗ್ಗೆ ಲೇಖನದಲ್ಲಿ ಒಂದು ಮಾತೂ ಇಲ್ಲವಲ್ಲ? ಮೂಡಿಗೆರೆ, ಕೊಪ್ಪದ ಕಡೆ ಮಳೆಗಾಲದಲ್ಲಿ ಕರೆಂಟ್ ಹೋದರೆ ಸಿಗ್ನಲ್ಲೂ ಹೋಗುತ್ತದೆ. ಅಂಥ ಮಕ್ಕಳಿಗೆ ಎರಡು ದಿನದ ಗಡುವು ಕೊಡಬೇಡಿ, ಹದಿನೈದು ದಿನವಾದರೂ ಕೊಡಿ. ಫೋನಿನಲ್ಲಿ ಆ ಫೈಲನ್ನು ಮೊದಲೇ ಆಫ್‌ಲೈನ್‌ಗೆ ಹಾಕಿಸಿ. ಮನೆಯಲ್ಲಿ ಬರೆದದ್ದು ಬಸ್‌ಸ್ಟ್ಯಾಂಡಿಗೆ ಬಂದು ಸಿಗ್ನಲ್ ಸಿಕ್ಕಾಗ ತಾನಾಗೇ ಸೇರಿಕೊಳ್ಳುತ್ತದೆ.