ಸತ್ಯಾಂಶ: ಹಳೆಯ ಸ್ನೋಕ್ಯಾಟ್ ಡಿಫರೆನ್ಷಿಯಲ್ ಹುಟ್ಟಿದ್ದು ಟ್ಯಾಂಕಿಗಾಗಿ ಅಲ್ಲ

"ಅಮೆರಿಕದ ಹಳೆಯ ಸ್ನೋಕ್ಯಾಟ್‌ಗಳ ಸ್ಟಿಯರಿಂಗ್ ಡಿಫರೆನ್ಷಿಯಲ್ ಎರಡನೇ ಮಹಾಯುದ್ಧದ ಶರ್ಮನ್ ಟ್ಯಾಂಕಿಗಾಗಿ ಹುಟ್ಟಿದ್ದು" ಎಂಬ ಫಾರ್ವರ್ಡ್ ಓಡಾಡುತ್ತಿದೆ. ಸ್ನೋಕ್ಯಾಟ್ ಅಂದರೆ ಚಕ್ರದ ಬದಲು ಚೈನ್ ಪಟ್ಟಿಗಳ ಮೇಲೆ ಹಿಮದಲ್ಲಿ ಓಡುವ ಗಾಡಿ; ಸ್ಟಿಯರಿಂಗ್ ಡಿಫರೆನ್ಷಿಯಲ್ ಅಂದರೆ ಎರಡು ಬದಿಯ ಚೈನ್‌ಗಳ ವೇಗ ಬೇರೆಬೇರೆ ಮಾಡಿ ಗಾಡಿ ತಿರುಗಿಸುವ ಗೇರ್ ವ್ಯವಸ್ಥೆ. ನಡೆದದ್ದು ಉಲ್ಟಾ.

ಇದು ಮೊದಲು ಬಂದದ್ದು ಹೊಲಕ್ಕೆ. ರೋಲಿನ್ ವೈಟ್ ಅವರ ಕ್ಲೀವ್‌ಲ್ಯಾಂಡ್ ಟ್ರ್ಯಾಕ್ಟರ್ ಕಂಪನಿ ಯುದ್ಧಕ್ಕೆ ಎಷ್ಟೋ ವರ್ಷ ಮೊದಲೇ ತನ್ನ 'ಕ್ಲೆಟ್ರಾಕ್' ಚೈನ್ ಟ್ರ್ಯಾಕ್ಟರುಗಳಲ್ಲಿ ಇದನ್ನು ಬಳಸಿತ್ತು. ಶರ್ಮನ್ ಟ್ಯಾಂಕಿಗೆ ಹೋದದ್ದೂ ಇದೇ ಬಗೆಯದು. 1944ರಲ್ಲಿ ಕ್ಲೆಟ್ರಾಕ್ ಆಲಿವರ್ ಕಂಪನಿಯ ಪಾಲಾಯಿತು. ಆಲಿವರ್‌ನ ಓಸಿ ಸಾಲಿನ ಟ್ರ್ಯಾಕ್ಟರುಗಳ ಡಿಫರೆನ್ಷಿಯಲ್ಲೇ ಮುಂದೆ ಅಮೆರಿಕದ ಥಿಯೋಕಾಲ್ ಕಂಪನಿಯ ಹಲವು ಸ್ನೋಕ್ಯಾಟ್‌ಗಳಿಗೆ ಬಂತು.

ಇದರ ಕೆಲಸ ನಿಜಕ್ಕೂ ಸೊಗಸು. ಲಿವರ್ ಎಳೆದರೆ ಆ ಬದಿಯ ಚೈನ್ ನಿಲ್ಲುವುದಿಲ್ಲ, ನಿಧಾನವಾಗುತ್ತದೆ ಅಷ್ಟೇ. ಅಲ್ಲಿ ಕಡಿಮೆಯಾದಷ್ಟು ವೇಗ ಇನ್ನೊಂದು ಬದಿಗೆ ಸೇರುತ್ತದೆ. ಎಂಜಿನ್ ಬಲ ಎರಡೂ ಕಡೆ ಸಿಗುತ್ತಲೇ ಇರುತ್ತದೆ. ಮೆತ್ತನೆ ಹಿಮದಲ್ಲಿ ಒಂದು ಬದಿ ಪೂರ್ತಿ ನಿಂತರೆ ಗಾಡಿ ಹೂತುಹೋಗಬಹುದು, ಅಲ್ವಾ? ಆದರೆ ನಿಂತಲ್ಲೇ ಗಿರಕಿ ಹೊಡೆಯಲು ಆಗದು, ತಿರುವಿಗೆ ಜಾಸ್ತಿ ಜಾಗ ಬೇಕು.

ಎಲ್ಲ ಹಳೆಯ ಹಿಮವಾಹನಗಳಲ್ಲೂ ಇದು ಇರಲಿಲ್ಲ. ನಾಲ್ಕು ಚೈನ್‌ಗಳ ಟಕರ್ ಸ್ನೋ-ಕ್ಯಾಟ್ ತನ್ನ ಆಕ್ಸಲ್‌ಗಳನ್ನೇ ಹೊರಳಿಸಿ ತಿರುಗುತ್ತಿತ್ತು. 1957-58ರಲ್ಲಿ ಬ್ರಿಟಿಷ್ ಅನ್ವೇಷಕ ವಿವಿಯನ್ ಫುಕ್ಸ್ ತಂಡ ಅಂಟಾರ್ಕ್ಟಿಕ ದಾಟಲು ಬಳಸಿದ ಗಾಡಿಗಳಲ್ಲಿ ಇವೂ ಇದ್ದವು.