ಜ್ವರ ಬಂದ ದಿನ ರೋಮ್ ವಾಸಿಯೋ, ಹಂಪಿ ವಾಸಿಯೋ?

ಊರಿನಿಂದ ಇಟಲಿಗೆ ಬರುವ ನಮ್ಮವರ ಒಂದು ದಿನದ ಪಟ್ಟಿ ಹೆಚ್ಚುಕಡಿಮೆ ಹೀಗಿರುತ್ತದೆ: ಬೆಳಿಗ್ಗೆ ಕೊಲೋಸಿಯಂ, ಆಮೇಲೆ ಹಳೆಯ ರೋಮಿನ ಪಾಳುಬಿದ್ದ ಚೌಕವಾದ ಫೋರಮ್, ಪಕ್ಕದ ಪ್ಯಾಲಟೈನ್ ಗುಡ್ಡ, ಊಟವಾದ ಮೇಲೆ ಪ್ಯಾಂಥಿಯನ್, ಸಂಜೆಗೆ ವ್ಯಾಟಿಕನ್. ಹೊಟ್ಟೆ ಕೆಟ್ಟಿರಲಿ, ಮೈ ಸುಡುತ್ತಿರಲಿ, ‘ಇಷ್ಟು ಖರ್ಚು ಮಾಡಿ ಬಂದಿದ್ದೇವೆ, ನೋಡೇಬಿಡೋಣ’ ಎನ್ನುವುದೇ ಮಾತು. ಹಂಪಿಗೆ ಹೋದವರೂ ಇದನ್ನೇ ಮಾಡುತ್ತಾರೆ. ಇದರಲ್ಲಿ ನಮ್ಮ ಹಟದ ಜೊತೆಗೆ ಟಿಕೆಟ್ಟಿನ ಪಾಲೂ ಇದೆ.

ಕೊಲೋಸಿಯಂನ 18 ಯೂರೋ ಟಿಕೆಟ್ 24 ಗಂಟೆ ನಡೆಯುತ್ತದೆ. ಫೋರಮ್, ಪ್ಯಾಲಟೈನ್ ಎರಡೂ ಅದರಲ್ಲೇ ಸೇರಿವೆ. ಹೊತ್ತು ಗೊತ್ತುಮಾಡಿರುವುದು ಕೊಲೋಸಿಯಂಗೆ ಮಾತ್ರ. ಆದ್ದರಿಂದ ಸುಸ್ತಾದವರು ಇಳಿಹೊತ್ತಿನ ಟಿಕೆಟ್ ತೆಗೆದುಕೊಂಡು ಅವತ್ತು ಅದೊಂದನ್ನೇ ನೋಡಿ, ಮರುದಿನ ಬಾಗಿಲು ತೆಗೆಯುತ್ತಲೇ ಫೋರಮ್‌ಗೆ ಹೋಗಬಹುದು. ಒಮ್ಮೆ ಹೊರಬಂದರೆ ಮತ್ತೆ ಒಳಗೆ ಬಿಡುವುದಿಲ್ಲ, ಅಷ್ಟು ನೆನಪಿರಲಿ. ಟಿಕೆಟ್ಟಿನ ಮೇಲೆ ಹೆಸರಿರುತ್ತದೆ, ಮಲಗಿದವರ ಬದಲಿಗೆ ಇನ್ನೊಬ್ಬರು ಹೋಗುವಂತಿಲ್ಲ.

ಹಂಪಿಯ 40 ರೂಪಾಯಿ ಟಿಕೆಟ್ ವಿಠ್ಠಲ ದೇವಸ್ಥಾನ, ಕಮಲ ಮಹಲ್ ಇರುವ ರಾಣಿವಾಸ, ಕಮಲಾಪುರದ ವಸ್ತುಸಂಗ್ರಹಾಲಯ ಮೂರಕ್ಕೂ ಆಗುತ್ತದೆ, ಆದರೆ ಅವತ್ತಿಗೆ ಮಾತ್ರ. ಏಪ್ರಿಲ್ ಬಿಸಿಲಲ್ಲಿ ತಲೆ ಸುತ್ತುತ್ತಿದ್ದರೂ ಜನ ಒಂದರಿಂದ ಇನ್ನೊಂದಕ್ಕೆ ಓಡುವುದು ಇದಕ್ಕೇ. ಮರುದಿನ ಮಧ್ಯಾಹ್ನದವರೆಗೆ ಅದನ್ನು ನಡೆಸಿದರೆ ಪುರಾತತ್ವ ಇಲಾಖೆಗೇನೂ ನಷ್ಟವಿಲ್ಲ.

ನೀರಿನ ವಿಷಯದಲ್ಲೂ ರೋಮ್ ಮುಂದೆ. 1874ರಿಂದ ಹಾಕುತ್ತ ಬಂದ ‘ನಸೋನೆ’ ನಲ್ಲಿಗಳು ನಗರದಲ್ಲಿ ಸುಮಾರು 2,500 ಇವೆ, ಫೋರಮ್ ಒಳಗೂ ಇವೆ. ಕೆಳಗಿನ ಬಾಯನ್ನು ಬೆರಳಿನಿಂದ ಮುಚ್ಚಿದರೆ ಮೇಲಿನ ತೂತಿನಿಂದ ನೀರು ಚಿಮ್ಮುತ್ತದೆ, ಬಗ್ಗದೆ ಕುಡಿಯಬಹುದು. ಹಂಪಿಯಲ್ಲಿ ತಲೆಗೆ ಎರಡು ಲೀಟರ್ ಹೊತ್ತೇ ಹೊರಡಬೇಕು.

ನೆರಳಿನಲ್ಲಿ ಮಾತ್ರ ಹಂಪಿಯದೇ ಗೆಲುವು. ಫೋರಮ್ ಬಟಾಬಯಲು, ಅಲ್ಲಿನ ಹಳೆಯ ದಾರಿಯ ಕಲ್ಲುಗಳು ಏರುಪೇರು, ನಿತ್ರಾಣವಾದ ಕಾಲು ಹೊರಳುವುದೇ ಅಲ್ಲಿ. ಮರದ ನೆರಳು ಬೇಕೆಂದರೆ ಪ್ಯಾಲಟೈನ್ ಹತ್ತಬೇಕು. ಹಂಪಿಯಲ್ಲಿ ಹೆಜ್ಜೆಹೆಜ್ಜೆಗೂ ಕಲ್ಲುಮಂಟಪ. ಆದರೆ ದಿನವಿಡೀ ಕಾದ ಬಂಡೆ ಸಂಜೆ ಐದಕ್ಕೂ ಝಳ ಉಗುಳುತ್ತಿರುತ್ತದೆ, ಹೊರಸಾಲು ಬಿಟ್ಟು ಒಳಗಿನ ಕಂಬಕ್ಕೆ ಒರಗಿ. ವಿರೂಪಾಕ್ಷನ ಅಂಗಳದಲ್ಲಿ ಬರಿಗಾಲು ಸುಡುತ್ತದೆ, ಒಂದು ಜೊತೆ ದಪ್ಪ ಕಾಲುಚೀಲ ಚೀಲದಲ್ಲಿರಲಿ.

ಭೇದಿಯಾದವರು ಓಆರ್‌ಎಸ್ ಕಲಸುವುದರಲ್ಲೇ ತಪ್ಪುತ್ತಾರೆ. ಒಂದು ಲೀಟರಿನ ಪೊಟ್ಟಣವನ್ನು ಒಂದು ಲೋಟ ನೀರಿಗೆ ಸುರಿದರೆ ಉಪ್ಪು ಐದುಪಟ್ಟು ಗಟ್ಟಿಯಾಗುತ್ತದೆ. ಅದು ಮೈಯ ನೀರನ್ನೇ ಕರುಳಿಗೆ ಎಳೆದು ಭೇದಿ ಹೆಚ್ಚಿಸುತ್ತದೆ. 200 ಮಿಲಿ ಲೀಟರಿನ ಪೊಟ್ಟಣಗಳೂ ಸಿಗುತ್ತವೆ, ಮೇಲೆ ಬರೆದಷ್ಟೇ ನೀರು ಹಾಕಿ. ಪೊಟ್ಟಣವಿಲ್ಲದಿದ್ದರೆ ಲೀಟರ್ ನೀರಿಗೆ ಮಟ್ಟಸವಾಗಿ ಆರು ಚಹಾಚಮಚ ಸಕ್ಕರೆ, ಅರ್ಧ ಚಹಾಚಮಚ ಉಪ್ಪು. ಜ್ವರವಿದ್ದರೆ, ರಕ್ತ ಹೋಗುತ್ತಿದ್ದರೆ ಭೇದಿ ನಿಲ್ಲಿಸುವ ಮಾತ್ರೆ ನುಂಗಬಾರದು. ಇಟಲಿಯಲ್ಲಿ ಹಸಿರು ಶಿಲುಬೆಯ ಔಷಧಿ ಅಂಗಡಿ ಬೀದಿಬೀದಿಗೂ ಇದೆ, ಆದರೆ ನಮ್ಮೂರಿನ ಹಾಗೆ ಬಾಯಿಮಾತಿಗೆ ಆ್ಯಂಟಿಬಯಾಟಿಕ್ ಕೊಡುವುದಿಲ್ಲ, ಡಾಕ್ಟರ ಚೀಟಿ ಬೇಕು.

ಬಿಸಿಲಲ್ಲಿದ್ದವರು ಬೆವರುತ್ತ ತಲೆಸುತ್ತು ಎಂದರೆ ನೆರಳಲ್ಲಿ ಮಲಗಿಸಿ ಕಾಲೆತ್ತಿ, ನೀರು ಕೊಡಿ. ಮೈ ಕೆಂಡವಾಗಿ ಮಾತು ತೊದಲಿದರೆ, ಗಲಿಬಿಲಿಯಾದರೆ ಕಾಯಬಾರದು: ಇಟಲಿಯಲ್ಲಿ 112, ಹಂಪಿಯಲ್ಲಿ 108ಕ್ಕೆ ಫೋನ್ ಮಾಡಿ. ಗಾಡಿ ಬರುವವರೆಗೆ ಮೈಮೇಲೆ ನೀರು ಸುರಿದು ಗಾಳಿ ಬೀಸುತ್ತಿರಿ.

ಒಂದೇ ಒಂದನ್ನು ನೋಡುವಷ್ಟು ತ್ರಾಣವಿದ್ದರೆ ರೋಮಿನಲ್ಲಿ ಪ್ಯಾಂಥಿಯನ್ ಸಾಕು: ಸಮತಟ್ಟು ನೆಲ, ತಂಪು, ಈಗಲೂ ಚರ್ಚ್ ಆದ್ದರಿಂದ ಕೂರಲು ಬೆಂಚು, ಕತ್ತೆತ್ತಿದರೆ 43 ಮೀಟರ್ ಅಗಲದ ಗುಮ್ಮಟ. ಹಂಪಿಯಲ್ಲಾದರೆ ಕಮಲಾಪುರದ ವಸ್ತುಸಂಗ್ರಹಾಲಯ. ಬೆಟ್ಟ, ಹೊಳೆ, ಗುಡಿ ಸಮೇತ ಇಡೀ ಹಂಪಿಯ ದೊಡ್ಡ ಮಾದರಿ ಅಲ್ಲಿದೆ. ಶುಕ್ರವಾರ ರಜೆ.