ನನ್ನ ಇಷ್ಟದ ಟಾರ್ಚ್ ಕಂಪನಿಗೆ ಏನಾಗಿದೆ?

ಆಟಿ ತಿಂಗಳ ಮಳೆ, ಕರೆಂಟ್ ಹೋಯಿತು. ಉಡುಪಿ ಕಡೆ ಇದು ಮಾಮೂಲು. ಹೊಸದಾಗಿ ತಂದ ಟಾರ್ಚ್ ಒತ್ತಿದರೆ ಅದೇ ಮಂಕು ಬೆಳಕು, ತೋಟದ ತುದಿ ಬಿಡಿ, ಅಂಗಳದ ತುಳಸಿಕಟ್ಟೆಯೂ ಸರಿಯಾಗಿ ಕಾಣಲಿಲ್ಲ. ನನಗೆ ಸಾಕಾಗಿಹೋಗಿದೆ.

ಅಜ್ಜನ ಕಾಲದಿಂದ ನಮ್ಮ ಮನೆಗೆ ಬೇರೆ ಕಂಪನಿಯ ಟಾರ್ಚ್ ಬಂದದ್ದೇ ಇಲ್ಲ. ಆ ಸ್ಟೀಲ್ ಟಾರ್ಚ್ ಹಿಡಿದುಕೊಂಡೇ ಯಕ್ಷಗಾನದ ಆಟ ನೋಡಲು ಗದ್ದೆಯ ಹುಣಿಯಲ್ಲಿ ನಡೆದವರು ನಾವು. ಅಂಥ ಕಂಪನಿ ಇನ್ನೂ 1.5 ವೋಲ್ಟಿನ ದಪ್ಪ ಸೆಲ್ಲಿಗೇ ಅಂಟಿಕೊಂಡು ಕೂತರೆ ಹೊಟ್ಟೆ ಉರಿಯುವುದಿಲ್ಲವಾ? ಬಿಳಿ ಬೆಳಕಿನ ಎಲ್‌ಇಡಿಗೆ ದಾರಿ ಮಾಡಿದ ನೀಲಿ ಎಲ್‌ಇಡಿ ಕಂಡುಹಿಡಿದವರಿಗೆ 2014ರಲ್ಲಿ, ಮತ್ತೆ ಮತ್ತೆ ಚಾರ್ಜ್ ಮಾಡುವ ಲೀಥಿಯಂ ಬ್ಯಾಟರಿ ಮಾಡಿದವರಿಗೆ 2019ರಲ್ಲಿ ನೊಬೆಲ್ ಕೂಡ ಬಂದಾಯಿತು. ಫೋನಿನ ಚಾರ್ಜರ್ ಸಿಕ್ಕಿಸಿದರೆ ಸಾಕು ಅನ್ನುವಂಥ ಟಾರ್ಚ್ ಈಗ ಜಾತ್ರೆಯ ಅಂಗಡಿಯಲ್ಲೂ ಸಿಗುತ್ತದೆ. ಇವರಿಗೆ ಮಾತ್ರ ಯಾಕೆ ಆಗುವುದಿಲ್ಲ?

ಇನ್ನು ನಮ್ಮ ಕರಾವಳಿಯ ತೇವದ ಹವೆಗೆ ಸ್ಪ್ರಿಂಗ್ ತುಕ್ಕು, ಸೆಲ್ ಸೋರಿ ಒಳಗೆಲ್ಲ ಅಂಟು, ತಟ್ಟಿದರೆ ಉರಿಯುತ್ತದೆ, ಬಿಟ್ಟರೆ ಆರುತ್ತದೆ. ಹೊಸ ಮಾಡೆಲ್ ಅಂತ ಸುಮ್ನೆ ಬಣ್ಣ ಬದಲಾಯಿಸುತ್ತಾರೆ. ಸ್ಟೀಲ್ ಹೋಗಿ ಪ್ಲಾಸ್ಟಿಕ್ ಬಂತು, ಬೆಲೆ ಮಾತ್ರ ಜಾಸ್ತಿ. ಇಷ್ಟು ವರ್ಷ ನಂಬಿದವರಿಗೆ ಕೊಡುವುದು ಇದನ್ನಾ?